ನಮ್ಮಣ್ಣನ ಪಾಪ ರಿಪೇರಿ

ನಮ್ಮಣ್ಣನ ಪಕ್ಕದಲ್ಲಿ ನೀವು ಐದು ನಿಮಿಷ ಕೂತರೆ ಸಾಕು, ನಿಮ್ಮೊಳಗೆ ಇದೆಯೆಂದು ನಿಮಗೇ ಗೊತ್ತಿಲ್ಲದ ಒಂದು ದುರ್ಗುಣದ ಹೆಸರು ತಿಳಿದುಕೊಂಡು ಎದ್ದು ಹೋಗುತ್ತೀರಿ. ಅದಕ್ಕೇ ಅವನ ಪಕ್ಕ ಯಾರೂ ಐದು ನಿಮಿಷ ಕೂರುವುದಿಲ್ಲ! ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ. ಚರ್ಚಿನಲ್ಲಿ ಅವನ ಬೆಂಚು ಖಾಲಿ. ಮದುವೆ ಊಟದಲ್ಲಿ ಅವನ ಎಡಕ್ಕೊಂದು ಬಲಕ್ಕೊಂದು ಎಲೆ ಬಿಟ್ಟು ಜನ ಕೂರುತ್ತಾರೆ. ಯಾಕೆಂದರೆ ಎರಡನೆಯ ಸಲ ಪಾಯಸ ಹಾಕಿಸಿಕೊಂಡವನ ಕಡೆ ತಿರುಗಿ, ಬಹಳ ಪ್ರೀತಿಯಿಂದಲೇ, "ಹೊಟ್ಟೆಬಾಕತನ ಶುರುವಾಗೋದೇ ಎರಡನೇ ಸೌಟಿಂದ ಕಣಪ್ಪ" ಅನ್ನುತ್ತಾನೆ. ಆಮೇಲೆ ಆ ಪಾಯಸವನ್ನು ನುಂಗುವುದು ಹೇಗೆ, ಉಗುಳುವುದು ಹೇಗೆ? ನೀವೇ ಹೇಳಿ.

ಹಾಗಂತ ಅವನೇನು ಪಾದ್ರಿಯಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನಾನು ಅವನ ಒಬ್ಬನೇ ತಮ್ಮ. ಏಳನೆಯ ಕ್ಲಾಸಿಗೆ ಎರಡು ಸಲ ಕೂತೆ. ಮೂರನೆಯ ಸಲ ಮೇಷ್ಟ್ರೇ ಬೇಡ ಅಂದರು. ಹೊಲಿಗೆ ಕಲಿತು ಟೈಲರ್ ಆದೆ. ಅಪ್ಪ ಅಮ್ಮ ಬೇಗ ಹೋದದ್ದರಿಂದ ಅಣ್ಣನ ಕ್ವಾರ್ಟರ್ಸಿನಲ್ಲಿ, ಅತ್ತಿಗೆಯ ಕೈಯ ಅನ್ನ ತಿಂದು ಬೆಳೆದೆ. ಬರೆಯುವುದು ನನ್ನ ಕಸುಬಲ್ಲ. ತಪ್ಪು ಕಂಡರೆ ಹೊಲಿಗೆ ಬಿಚ್ಚಿ ಸರಿಮಾಡಿಕೊಂಡು ಓದಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಣ್ಣನ ತಮಾಷೆಗಳನ್ನು ಹೇಳುವುದಕ್ಕಷ್ಟೇ ನಾನು ಪೆನ್ನು ಹಿಡಿದಿಲ್ಲ. ಊರಿನವರ ಪಾಪವನ್ನೆಲ್ಲ ಹುಡುಕಿ ತೆಗೆದ ಆ ಮನುಷ್ಯನಿಗೆ, ಅವನ ಮನೆಯೊಳಗೇ ಇದ್ದುಕೊಂಡು ನಾನು ಒಂದು ಮೋಸ ಮಾಡಿದೆ. ಅದನ್ನು ಅವನಿಗೆ ಹೇಳಲು ನನಗೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಅದನ್ನೂ ಹೇಳುತ್ತೇನೆ. ಸ್ವಲ್ಪ ನಕ್ಕ ಮೇಲೆ. ನೀವು ನಕ್ಕರೆ ನನಗೆ ಧೈರ್ಯ ಬರುತ್ತದೆ.

ಕಾರ್ಖಾನೆಯ ಹಳೆಯ ಫಿಟ್ಟರುಗಳು ಯಂತ್ರದ ಬೇರಿಂಗ್ ಕೆಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರು. ಡಾಕ್ಟರು ಎದೆ ನೋಡುವ ಹಾಗೆ. ಅಣ್ಣ ಇದರಲ್ಲಿ ಪಳಗಿದ ಕೈ, ಅಲ್ಲ, ಪಳಗಿದ ಕಿವಿ. "ಇನ್ನು ನಾಲ್ಕು ದಿನ ಓಡುತ್ತೆ, ಐದನೇ ದಿನ ನಿಲ್ಲುತ್ತೆ" ಅಂದರೆ ಐದನೆಯ ದಿನ ಯಂತ್ರ ನಿಂತದ್ದೇ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನಿಗೂ ಒಳ್ಳೆಯದಿತ್ತು, ನಮಗೂ ಒಳ್ಳೆಯದಿತ್ತು. ಒಂದು ಭಾನುವಾರ ಪೂಜೆಯಲ್ಲಿ ಫಾದರ್, ಗರ್ವ, ಲೋಭ, ಮೋಹ, ಕೋಪ, ಹೊಟ್ಟೆಬಾಕತನ, ಅಸೂಯೆ, ಸೋಮಾರಿತನ ಎಂಬ ಏಳು ದುರ್ಗುಣಗಳ ಬಗ್ಗೆ ಪ್ರಸಂಗ ಮಾಡಿದರು. ಪಾಪ ಎಲ್ಲಿಂದಲೋ ತಟಕ್ಕನೆ ಬಂದು ಬೀಳುವುದಿಲ್ಲ, ಮನಸ್ಸಿನೊಳಗೆ ಮೊದಲೇ ಸೂಚನೆ ಕೊಡುತ್ತದೆ, ಆಗಲೇ ಗುರುತಿಸಿ ತಡೆಯಬೇಕು ಎಂದರು. ಅಣ್ಣ ಬೆಂಚಿನ ಮೇಲೆ ನೆಟ್ಟಗಾದ. ಅವನ ಮುಖದಲ್ಲಿ ಬೆಳಕು ಹೊತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮನುಷ್ಯನೂ ಯಂತ್ರದ ಹಾಗೆಯೇ, ಕೆಡುವ ಮುಂಚೆ ಸದ್ದು ಮಾಡುತ್ತಾನೆ!

ಅವತ್ತಿನಿಂದ ನಮ್ಮ ಸಾಲಿನ ಕ್ವಾರ್ಟರ್ಸುಗಳ ನೆಮ್ಮದಿ ಹೋಯಿತು.

ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರೆ ಅಣ್ಣ ಒಳಗಿನಿಂದ, "ಏಯ್, ಆ ಕುಕ್ಕರ್ ಇಟ್ಟ ಸದ್ದು ಸರಿಯಿಲ್ಲ. ಕೋಪ ಬರೋದ್ರಲ್ಲಿದೆ. ನಿಲ್ಲಿಸಿ ಉಸಿರು ತಗೋ" ಅನ್ನುವನು.

"ನಂಗೆ ಕೋಪ ಎಲ್ಲಿದೇರೀ?"

"ಇಲ್ಲ ಅಂದ ಸದ್ದು ಕುಕ್ಕರಿಗಿಂತ ಜೋರಾಗಿ ಬಂತು."

ಅಷ್ಟಾದ ಮೇಲೆ ನಿಜವಾಗಿಯೂ ಕೋಪ ಬರುತ್ತಿತ್ತು. ಅಣ್ಣ ಗೆದ್ದವನ ಹಾಗೆ ನನ್ನ ಕಡೆ ನೋಡಿ, "ನೋಡಿದ್ಯಾ? ನಾನು ಹೇಳಲಿಲ್ವಾ?" ಅನ್ನುತ್ತಿದ್ದ.

ಒಂದು ಕ್ರಿಸ್‌ಮಸ್ಸಿಗೆ ಅತ್ತಿಗೆ ಕರ್ಜಿಕಾಯಿ ಮಾಡಿ ಡಬ್ಬಿ ತುಂಬಿಸಿಟ್ಟಿದ್ದರು. ಹಬ್ಬದ ಹಿಂದಿನ ದಿನ ಡಬ್ಬಿ ಅರ್ಧಕ್ಕಿಳಿದಿತ್ತು. ಅಣ್ಣ ಯಾರನ್ನೂ ಬಯ್ಯಲಿಲ್ಲ. ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ನನ್ನ ಹೊಟ್ಟೆಯ ಮೇಲಿಟ್ಟು, ಕಿವಿಗೊಟ್ಟು, ಕಣ್ಣು ಮುಚ್ಚಿದ.

"ಲೋಡ್ ಜಾಸ್ತಿ ಇದೆ. ಹದಿನೈದರ ಮೇಲೆ" ಅಂದ.

ದೇವರಾಣೆಗೂ ನಾನು ತಿಂದಿದ್ದು ಹದಿನಾರು!

ಪಾಪನಿವೇದನೆಗೆ ಹೋದರೂ ಅಣ್ಣ ಸುಮ್ಮನಿರುವವನಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮಲ್ಲಿ ಹಬ್ಬಗಳ ಮುಂಚೆ ಫಾದರ್ ಹತ್ತಿರ ಹೋಗಿ, ಮಂಡಿಯೂರಿ, ಮಾಡಿದ ಪಾಪಗಳನ್ನು ಮೆಲ್ಲಗೆ ಹೇಳಿಕೊಳ್ಳಬೇಕು. ಅವರು ಬುದ್ಧಿ ಹೇಳಿ, ಪ್ರಾಯಶ್ಚಿತ್ತಕ್ಕೆ ಎರಡೋ ಮೂರೋ ಪ್ರಾರ್ಥನೆ ಕೊಟ್ಟು ಕಳಿಸುತ್ತಾರೆ. ಎಲ್ಲರಿಗೂ ಎರಡು ನಿಮಿಷದ ಕೆಲಸ. ಅಣ್ಣನಿಗೆ ಮಾತ್ರ ಮುಕ್ಕಾಲು ಗಂಟೆ! ಕಳ್ಳತನವಾಗಲಿ ಸುಳ್ಳಾಗಲಿ ಅವನ ಹತ್ತಿರ ಇರಲಿಲ್ಲ. ಇದ್ದದ್ದೆಲ್ಲ ಚೂರುಪಾರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಆಸೆಪಟ್ಟದ್ದು, ಹಾಡುಗಾರರ ಗುಂಪಿನಲ್ಲಿ ಒಬ್ಬರಿಗೆ ಶ್ರುತಿ ತಪ್ಪಿದಾಗ ಖುಷಿಯಾದದ್ದು, ಇಂಥವು. ಎಲ್ಲವನ್ನೂ ನಟ್ಟು ಬೋಲ್ಟು ಬಿಚ್ಚಿ ಸಾಲಾಗಿ ಜೋಡಿಸಿಡುತ್ತಿದ್ದ. ಅವನ ಹಿಂದೆ ಸರದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದರು. ನಮ್ಮ ಬೀದಿಯ ಎಷ್ಟೋ ಪಾಪಗಳು ಅಣ್ಣನಿಂದಾಗಿ ಹಾಗೇ ಉಳಿದುಕೊಂಡವು!

ಜೊತೆಗೆ ಚೌಕಾಶಿ ಬೇರೆ. ಸಂತೆಯಲ್ಲಿ ಜನ ಕಡಿಮೆ ಮಾಡಿ ಅಂತ ಚೌಕಾಶಿ ಮಾಡುತ್ತಾರೆ. ಇವನು ಪ್ರಾಯಶ್ಚಿತ್ತ ಜಾಸ್ತಿ ಮಾಡಿ ಅಂತ.

"ಫಾದರ್, ಇಷ್ಟಕ್ಕೆ ಮೂರೇ ಪ್ರಾರ್ಥನೇನಾ? ಒಂದು ಹತ್ತಾದ್ರೂ ಕೊಡಿ."

ಕೊನೆಗೊಂದು ದಿನ ಫಾದರ್ ತಾಳಲಾರದೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಬೇರೆಯವರಿಗೂ ಸ್ವಲ್ಪ ಟೈಮ್ ಬಿಡು ಮಾರಾಯ! ಅವರ ಹತ್ರ ನಿಜವಾದ ಪಾಪ ಇದೆ!" ಅಂದುಬಿಟ್ಟರು.

ಇಷ್ಟಾದರೂ ಅಣ್ಣ ಸುಧಾರಿಸಲಿಲ್ಲ. ಸುಧಾರಣೆಯನ್ನು ದೊಡ್ಡದು ಮಾಡಿದ. ಈಸ್ಟರ್ ಹಬ್ಬದ ಮುಂಚೆ ನಲವತ್ತು ದಿನ ನಮಗೆ ತಪಸ್ಕಾಲ. ಮಾಂಸ ಬಿಡುವುದು, ಸಕ್ಕರೆ ಬಿಡುವುದು, ಬೀಡಿ ಬಿಡುವುದು, ಹೀಗೆ ಒಬ್ಬೊಬ್ಬರು ಒಂದೊಂದು ಬಿಡುತ್ತಾರೆ. ಅಣ್ಣನಿಗೆ ಅದು ಸಾಲದು. ಏಳು ದುರ್ಗುಣಗಳ ಹೆಸರನ್ನು ಏಳು ಚೀಟಿಯಲ್ಲಿ ಬರೆದು, ಊಟದ ಕ್ಯಾರಿಯರಿನ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿ, ಒಬ್ಬೊಬ್ಬರಿಗೂ ಒಂದು ಚೀಟಿ ತೆಗೆಸುತ್ತಿದ್ದ. ಯಾರಿಗೆ ಯಾವುದು ಬರುತ್ತದೋ ನಲವತ್ತು ದಿನ ಅವರು ಅದರ ಮೇಲೆ ಯುದ್ಧ ಮಾಡಬೇಕು. ಮೋಹ ಎಂದು ಬರೆಯಲು ಅವನಿಗೇ ಸಂಕೋಚವಾಗಿ ಆ ಚೀಟಿಯಲ್ಲಿ "ಕಣ್ಣು" ಎಂದಷ್ಟೇ ಬರೆದಿದ್ದ. ಅದು ಬಂದವರು ನಲವತ್ತು ದಿನ ಟಿವಿ ನೋಡುವಂತಿಲ್ಲ. ಒಂದು ವರ್ಷ ಅದು ಅತ್ತಿಗೆಗೆ ಬಂತು, ಅದೂ ಅವರ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವ ವಾರ. ಅತ್ತಿಗೆ ಟಿವಿಗೆ ಬೆನ್ನು ಹಾಕಿ ಕೂತು ಕಿವಿಯಲ್ಲೇ ಇಡೀ ಧಾರಾವಾಹಿ ಮುಗಿಸಿದರು. "ಚೀಟೀಲಿ ಕಿವಿ ಅಂತ ಬರ್ದಿರಲಿಲ್ವಲ್ಲ!" ಅಂದರು.

ಪಕ್ಕದ ಮನೆಯ ಸೆಲ್ವಿ ಅಕ್ಕ ನಮ್ಮ ಧರ್ಮದವರಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಇಡ್ಲಿ ಬೇಯಿಸಿ ಕಾರ್ಖಾನೆ ಗೇಟಿನ ಮುಂದೆ ಮಾರುವವರು. ಚೀಟಿ ತೆಗೆಯುವ ಆಟ ಕಂಡು, "ನಂಗೂ ಒಂದು ಕೊಡು ಸಾಮಿ" ಎಂದು ಬಂದು ಕೂತರು. ಅವರಿಗೆ ಬಂದದ್ದು ಸೋಮಾರಿತನ.

"ಅಯ್ಯಯ್ಯೋ! ನಾನಾ? ನಾನು ಸೋಂಬೇರೀನಾ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ಒಳಗೆ ಎಲ್ಲೋ ಇರುತ್ತೆ, ಹುಡುಕ್ಬೇಕು" ಅಂದ ಅಣ್ಣ.

"ಇದ್ರೆ ಹುಡುಕಿ ಕೊಡಪ್ಪ ಸಾಮಿ, ಒಂದಿನ ಮಲಗಿ ನಿದ್ದೆನಾದ್ರೂ ಮಾಡ್ತೀನಿ!"

ಎಲ್ಲರೂ ನಕ್ಕೆವು. ಅಣ್ಣನೂ ನಕ್ಕ. ಅವನ ದೊಡ್ಡ ಗುಣ ಅದೇ ನೋಡಿ. ನಮ್ಮ ನಗು ಅವನ ಮೇಲಿದ್ದರೂ ನಮಗಿಂತ ಜೋರಾಗಿ ನಗುತ್ತಿದ್ದ.

ಹಾಗಾದರೆ ಇಂಥವನಿಗೆ ಸ್ವಂತದ್ದೊಂದು ಆಸೆ ಇರಲಿಲ್ಲವೇ? ಇತ್ತು. ಒಂದೇ ಒಂದು.

ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಪವಿತ್ರ ಗುರುವಾರ ಬರುತ್ತದೆ. ಯೇಸುಸ್ವಾಮಿ ಕಡೆಯ ಭೋಜನದ ದಿನ ತಮ್ಮ ಹನ್ನೆರಡು ಶಿಷ್ಯರ ಪಾದ ತೊಳೆದರಲ್ಲ, ಅದರ ನೆನಪಿಗೆ ಅವತ್ತು ಸಂಜೆಯ ಪೂಜೆಯಲ್ಲಿ ಹನ್ನೆರಡು ಗಂಡಸರನ್ನು ಪೀಠದ ಮುಂದೆ ಕುರ್ಚಿ ಹಾಕಿ ಕೂರಿಸುತ್ತಾರೆ. ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಮಂಡಿಯೂರಿ, ಒಬ್ಬೊಬ್ಬರ ಬಲಗಾಲನ್ನು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಆ ಹನ್ನೆರಡು ಕುರ್ಚಿಗಳಲ್ಲಿ ಒಂದರಲ್ಲಿ ಒಮ್ಮೆಯಾದರೂ ಕೂರಬೇಕೆಂಬುದು ಅಣ್ಣನ ಆಸೆ. ಬಾಯಿಬಿಟ್ಟು ಹೇಳಿದವನಲ್ಲ. ಆದರೆ ತಪಸ್ಕಾಲ ಬಂದ ಕೂಡಲೇ ಬಚ್ಚಲಲ್ಲಿ ಕೂತು, ಕಾರ್ಖಾನೆಯ ಕುಲುಮೆಯ ಇಟ್ಟಿಗೆ ಚೂರಿನಿಂದ ಹಿಮ್ಮಡಿ ತಿಕ್ಕಲು ಶುರುಮಾಡುತ್ತಿದ್ದ. ಬೂಟಿನೊಳಗೆ ಬೆಂದು, ಎಣ್ಣೆ ಕುಡಿದು, ಒಡೆದು ಕರ್ರಗಾದ ಕಾಲುಗಳು. ನಲವತ್ತು ದಿನ ತಿಕ್ಕಿ ತಿಕ್ಕಿ ಮಗುವಿನ ಕಾಲಿನ ಹಾಗೆ ಮಾಡಿಕೊಂಡು ಕಾಯುತ್ತಿದ್ದ. ಪಟ್ಟಿಯಲ್ಲಿ ಅವನ ಹೆಸರು ಬರುತ್ತಿರಲಿಲ್ಲ.

ಹೇಗೆ ಬರಬೇಕು? ಪಟ್ಟಿ ಮಾಡುವವರು ಉಪದೇಶಿಗಳು, ಅಂದರೆ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ ಹಿರಿಯರು. ಅವರಿಗೆ ಅಣ್ಣ ಒಮ್ಮೆ, "ಉಪದೇಶಿಗಳೇ, ನೀವು ಪಾಠ ಶುರು ಮಾಡೋ ಮುಂಚೆ ಆಕಳಿಸ್ತೀರಲ್ಲ, ಆ ಸದ್ದು ನಂಗೆ ಸರಿ ಕಾಣಲ್ಲ" ಅಂದಿದ್ದ!

ಒಂದು ವರ್ಷ ಚೀಟಿ ತೆಗೆದಾಗ ಅಣ್ಣನಿಗೆ ಗರ್ವ ಬಂತು. ಆ ಚೀಟಿಯನ್ನು ಬಹಳ ಹೊತ್ತು ನೋಡಿದ. ಇಟ್ಟಿಗೆ ಚೂರನ್ನು ತೆಗೆದುಕೊಂಡು ಹೋಗಿ ಹಿತ್ತಲಿಗೆ ಎಸೆದ. "ತೊಳೆಸ್ಕೊಳ್ಳೋಕೆ ಕೂರೋ ಕಾಲನ್ನ ಮೊದಲೇ ತೊಳ್ಕೊಂಡು ಹೋಗ್ತಿದ್ನಲ್ಲೋ, ನನ್ನಂಥ ದಡ್ಡ ಇದಾನಾ?" ಅಂದ. ಅಷ್ಟೇ ಅಲ್ಲ, ನಲವತ್ತು ದಿನ ಇನ್ನೊಬ್ಬರ ತಪ್ಪಿನ ಬಗ್ಗೆ ಬಾಯಿ ಬಿಡುವುದಿಲ್ಲವೆಂದು ಶಪಥ ಮಾಡಿದ. ಮೊದಲ ವಾರ ಬೀದಿಯವರು ಅವನಿಗೆ ಗಂಟಲು ಕೆಟ್ಟಿದೆ ಅಂದುಕೊಂಡರು. ಎರಡನೆಯ ವಾರ ಅತ್ತಿಗೆ ಹೆದರಿ, "ಡಾಕ್ಟರ ಹತ್ರ ಹೋಗೋಣ್ವಾ?" ಎಂದು ಕೇಳಿದರು. ಮೂರನೆಯ ವಾರ ಚರ್ಚಿನಲ್ಲಿ ಅವನ ಪಕ್ಕ ಒಬ್ಬರು ಬಂದು ಕೂತರು. ಐದನೆಯ ವಾರದ ಹೊತ್ತಿಗೆ ಆ ಬೆಂಚಿನಲ್ಲಿ ಜಾಗ ಸಿಗುತ್ತಿರಲಿಲ್ಲ!

ಈಗ ನನ್ನ ಕಥೆ.

ಆ ವರ್ಷ ನಾನೂ ಒಂದು ಶಪಥ ಮಾಡಿದ್ದೆ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವನು ಪೂರ್ತಿ ಬಿಟ್ಟಿದ್ದೆ. ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ, ಎರಡು ಜನರ ಪ್ಯಾಂಟಿಗೆ ಜೇಬು ಇಡುವುದನ್ನೇ ಮರೆತಿದ್ದೆ. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಬಾಯಲ್ಲೂ ಅಣ್ಣನದೇ ಮಾತು. "ನಿಮ್ಮಣ್ಣ ಎಷ್ಟು ಬದಲಾದರಲ್ಲ!" ಬಟ್ಟೆ ಕೊಡಲು ಬಂದವರೂ ಅದೇ, ತಗೊಂಡು ಹೋಗಲು ಬಂದವರೂ ಅದೇ. ಅವನು ಬಿಟ್ಟದ್ದು ಏನು? ಮಾತು! ನಾನು ಬಿಟ್ಟದ್ದು ಬೀಡಿ! ಯಾವುದು ಕಷ್ಟ, ನೀವೇ ಹೇಳಿ. ಚಿಕ್ಕಂದಿನಿಂದಲೂ ಹಾಗೆಯೇ. ನಿಮ್ಮಣ್ಣನನ್ನು ನೋಡಿ ಕಲಿ, ನಿಮ್ಮಣ್ಣನ ಬುದ್ಧಿ ನಿನಗಿಲ್ಲ, ನಿಮ್ಮಣ್ಣ ಇಲ್ಲದಿದ್ದರೆ ನೀನು ಬೀದಿಪಾಲು. ಎಲ್ಲವೂ ನಿಜವೇ. ನಿಜವಾದದ್ದರಿಂದಲೇ ಹೊಟ್ಟೆ ಉರಿಯುತ್ತಿತ್ತು.

ಪವಿತ್ರ ವಾರದ ಮಂಗಳವಾರ ಸಂಜೆ ಉಪದೇಶಿಗಳು ಸೈಕಲ್ಲಿನಲ್ಲಿ ಮನೆಗೆ ಬಂದರು. ಅಣ್ಣ ಎರಡನೆಯ ಪಾಳಿಯಲ್ಲಿದ್ದ, ಅತ್ತಿಗೆ ತವರಿಗೆ ಹೋಗಿದ್ದರು. ಇದ್ದವನು ನಾನೊಬ್ಬನೇ.

"ಗುರುವಾರ ಪಾದ ತೊಳೆಯೋದಕ್ಕೆ ನಿಮ್ಮಣ್ಣನ ಹೆಸರು ಹಾಕಿದೀವಿ. ಮರೀದೆ ಹೇಳು. ಆ ಮನುಷ್ಯ ಬದಲಾದ ಹಾಗೆ ಯಾರೂ ಬದಲಾಗಲಿಲ್ಲ ಕಣಯ್ಯ" ಅಂದರು. ಸೈಕಲ್ ಹತ್ತಿ ಮತ್ತೆ ಇಳಿದು, "ನೀನೂ ಸ್ವಲ್ಪ ಅವರನ್ನ ನೋಡಿ ಕಲಿ" ಎಂದು ಸೇರಿಸಿ ಹೋದರು.

ಆ ಕೊನೆಯ ಒಂದು ಮಾತು ಆಡದೆ ಹೋಗಿದ್ದರೆ ನಾನು ಹೇಳುತ್ತಿದ್ದೆನೇನೋ. ಹೀಗೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅವರು ಸೈಕಲ್ಲಿನಿಂದ ಇಳಿಯುವ ಮುಂಚೆಯೇ ನಾನು ಹೇಳಬಾರದೆಂದು ತೀರ್ಮಾನಿಸಿದ್ದೆ.

ಅಣ್ಣನಿಗೆ ಮಂಗಳವಾರ ಹೇಳಲಿಲ್ಲ. ಬುಧವಾರ ಹೇಳಲಿಲ್ಲ. ಗುರುವಾರ ಮಧ್ಯಾಹ್ನ ಅವನು ಊಟದ ಕ್ಯಾರಿಯರ್ ಹಿಡಿದು ಪಾಳಿಗೆ ಹೊರಟಾಗ ಬಾಗಿಲಲ್ಲಿ ನಿಂತಿದ್ದೆ. "ಏನೋ, ಏನಾದ್ರೂ ಹೇಳ್ಬೇಕಾ?" ಎಂದು ಕೇಳಿದ. ಊರಿನವರ ಒಳಗಿನ ಸದ್ದೆಲ್ಲ ಕೇಳುವವನು! "ಏನಿಲ್ಲ, ಹುಷಾರಾಗಿ ಹೋಗು" ಅಂದೆ. ಹೋದ.

ಸಂಜೆ ಚರ್ಚಿನಲ್ಲಿ ಹನ್ನೊಂದು ಜನ ಬಲಗಾಲಿನ ಚಪ್ಪಲಿ ಕಳಚಿ ಕೂತಿದ್ದರು. ಹನ್ನೆರಡನೆಯ ಕುರ್ಚಿ ಖಾಲಿ. ಉಪದೇಶಿಗಳು ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಓಡಿಬಂದರು.

"ಎಲ್ಲಯ್ಯ ನಿಮ್ಮಣ್ಣ?"

"ಜ್ವರ."

ಈ ಮಾತು ಬಾಯಿಂದ ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದಮೇಲೆ ಒಳಕ್ಕೆ ಎಳೆದುಕೊಳ್ಳಲು ಆಗಲಿಲ್ಲ.

"ಹಾಗಾದ್ರೆ ನೀನೇ ಬಾ. ಬೇಗ! ಹನ್ನೊಂದು ಜನಕ್ಕೆ ತೊಳೆಯೋಕಾಗುತ್ತಾ?" ಎಂದು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೂರಿಸಿಬಿಟ್ಟರು. ಗಾಬರಿಯಲ್ಲಿ ನಾನು ಎಡಗಾಲಿನ ಚಪ್ಪಲಿ ಬಿಟ್ಟಿದ್ದೆ. ಪಕ್ಕದವರು ಮೊಣಕೈಯಿಂದ ತಿವಿದು ಬಲಗಾಲು, ಬಲಗಾಲು ಎಂದು ಪಿಸುಗುಟ್ಟಿದರು. ಸಾಲಿನಲ್ಲಿ ಎರಡೂ ಕಾಲು ಬರಿದು ಮಾಡಿಕೊಂಡು ಕೂತವನು ನಾನೊಬ್ಬನೇ! ಮುಂದಿನ ಬೆಂಚಿನ ಹುಡುಗಿಯರು ಕಿಸಕ್ಕನೆ ನಕ್ಕರು.

ಫಾದರ್ ಒಬ್ಬೊಬ್ಬರನ್ನೇ ಮುಗಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಮೊದಲ ಹನ್ನೆರಡು ಜನರಲ್ಲೂ ಗುರುವನ್ನೇ ಹಿಡಿದುಕೊಟ್ಟ ಯೂದ ಕೂತಿದ್ದ, ಅವನ ಕಾಲನ್ನೂ ಯೇಸುಸ್ವಾಮಿ ಬಿಡದೆ ತೊಳೆದರು ಎಂದು ಧರ್ಮಪಾಠದಲ್ಲಿ ಕಲಿತಿದ್ದೆ. ಏಳನೆಯ ಕ್ಲಾಸಿನ ಪಾಠ ಒಂದೂ ನೆನಪಿಲ್ಲದವನಿಗೆ ಅದು ಆಗಲೇ ನೆನಪಾಗಬೇಕೇ? ಫಾದರ್ ನನ್ನ ಮುಂದೆ ಮಂಡಿಯೂರಿದರು. ಆ ಒಂದು ನಿಮಿಷದ ಪ್ರತಿಯೊಂದೂ ನನಗೆ ಗೊತ್ತಿದೆ. ಆದರೆ ಯಾರಿಗೂ ಹೇಳಿದವನಲ್ಲ.

ಆಮೇಲೆ ಅಣ್ಣ ಏನೂ ಕೇಳಲಿಲ್ಲ. ಊರೂ ಮರೆಯಿತು. ಮುಂದಿನ ವರ್ಷ ಉಪದೇಶಿಗಳು ಮತ್ತೆ ಅವನ ಹೆಸರು ಬರೆಯಲು ಹೋದರೆ, "ಬೇರೆಯವರಿಗೆ ಅವಕಾಶ ಕೊಡಿ" ಅಂದನಂತೆ. ಅದರ ಮುಂದಿನ ವರ್ಷವೂ ಅಷ್ಟೇ. ಅಣ್ಣ ಈಗ ನಿಜವಾಗಿಯೂ ವಿನಯವಂತನಾದ ಎಂದು ಎಲ್ಲರೂ ಮೆಚ್ಚಿಕೊಂಡರು. ನನಗೆ ಮಾತ್ರ ಅವನ ಒಂದೊಂದು "ಬೇಡ"ಕ್ಕೂ ಎದೆಯಲ್ಲಿ ಸೂಜಿ ಮುರಿದ ಹಾಗಾಗುತ್ತಿತ್ತು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಆಲ್ಕೊಳದಲ್ಲಿ ಅಂಗಡಿ ಇಟ್ಟೆ. ದೂರವಿದ್ದರೆ ಮರೆಯಬಹುದು ಅಂದುಕೊಂಡಿದ್ದೆ. ಹದಿನೆಂಟು ಇಪ್ಪತ್ತು ಕಿಲೋಮೀಟರ್ ಯಾವ ದೂರ?

ಪಾಪನಿವೇದನೆಯಲ್ಲಾದರೂ ಹೇಳಬಹುದಿತ್ತಲ್ಲ ಅನ್ನುತ್ತೀರಿ. ಪ್ರಯತ್ನ ಮಾಡಿದೆ. ಒಂದು ಸಲ ಹೊರಗಿನಿಂದ ಬಂದಿದ್ದ ವಯಸ್ಸಾದ ಫಾದರ್ ಒಬ್ಬರಿಗೆ ಕಿವಿ ಮಂದ ಎಂದು ತಿಳಿದು, ಬೇಕೆಂದೇ ಅವರ ಸಾಲಿನಲ್ಲಿ ನಿಂತೆ. ಅಂಥ ಆಲೋಚನೆ ನನಗೊಬ್ಬನಿಗೇ ಬಂದದ್ದಲ್ಲ ಅನ್ನಿಸುತ್ತದೆ, ಆ ಸಾಲೇ ಎಲ್ಲಕ್ಕಿಂತ ಉದ್ದವಿತ್ತು! ನನ್ನ ಸರದಿ ಬಂತು. ಬಗ್ಗಿ, ತುಟಿ ಅಲುಗದ ಹಾಗೆ, "ನಮ್ಮಣ್ಣನಿಗೆ ಮೋಸ ಮಾಡಿದೀನಿ ಫಾದರ್" ಅಂದೆ.

"ಏನು? ಜೋರಾಗಿ ಹೇಳಪ್ಪ!" ಎಂದು ಅವರು ಗುಡುಗಿದರು. ಹಿಂದಿನ ಸಾಲೆಲ್ಲ ಕಿವಿ ನೆಟ್ಟಗೆ ಮಾಡಿತು.

"ಬೀಡಿ ಸೇದಿದೀನಿ ಫಾದರ್!" ಎಂದು ಕೂಗಿ ಎದ್ದುಬಂದೆ.

ಎರಡು ಸಾವಿರದ ಇಸವಿಯ ಈಚೆಗೆ ಅಣ್ಣ ಸ್ವಯಂ ನಿವೃತ್ತಿ ತೆಗೆದುಕೊಂಡು, ಶಿವಮೊಗ್ಗದ ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿದ. ಫಿಟ್ಟರಿಗೆ ಕಾರ್ಖಾನೆ ಇಲ್ಲದಿದ್ದರೆ ಏನಾಗುತ್ತದೆ? ಇಡೀ ಊರೇ ಕಾರ್ಖಾನೆಯಾಗುತ್ತದೆ! ದಿನಾ ಮೊಪೆಡ್ ಹತ್ತಿ ನನ್ನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಬಂದ ಗಿರಾಕಿಗಳ ದುರ್ಗುಣಗಳನ್ನು ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳುತ್ತಿದ್ದ. "ಈಗ ಹೋದ್ನಲ್ಲ, ಸೊಂಟದ ಅಳತೆ ತಗೊಳ್ಳುವಾಗ ಹೊಟ್ಟೆ ಒಳಗೆ ಎಳ್ಕೊಂಡ. ಗರ್ವ. ಎರಡಿಂಚು ಬಿಟ್ಟು ಹೊಲಿ." ಅದನ್ನು ಕೇಳಿ ನನಗೆ ಲಾಭವೇ ಆಯಿತು. ಗಿರಾಕಿಗಳು ಬಿಗಿಯಾಯಿತು ಎಂದು ವಾಪಸು ಬರುವುದೇ ನಿಂತಿತು!

ತಪಸ್ಕಾಲ ಬಂತು. ಹಳೆಯ ಡಬ್ಬಿ, ಏಳು ಚೀಟಿ. ನನ್ನ ಹೆಂಡತಿ ಮಕ್ಕಳು, ಅತ್ತಿಗೆ, ಎಲ್ಲ ಸುತ್ತ ಕೂತೆವು. ನಾನು ಕೈಹಾಕಿ ತೆಗೆದು ಬಿಚ್ಚಿದೆ. ಅಸೂಯೆ.

ಅಷ್ಟು ವರ್ಷ ಆ ಚೀಟಿ ನನ್ನ ಕೈಗೆ ಬಂದಿರಲಿಲ್ಲ. ನನ್ನ ಮುಖ ಹೇಗಾಯಿತೋ! ಬಾಯಿ ತೆರೆದೆ. "ಅಣ್ಣ, ನಾನು ನಿಂಗೊಂದು..." ಅನ್ನುವಷ್ಟರಲ್ಲಿ ಅಣ್ಣ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಡಬ್ಬಿಗೆ ಹಾಕಿದ.

"ಇದು ನಿಂಗೆ ಬೇಡ. ನಮ್ಮ ಮನೇಲಿ ಹೊಟ್ಟೆಕಿಚ್ಚಿಲ್ಲದೋನು ಅಂದ್ರೆ ನೀನೊಬ್ಬನೇ. ಬೇರೆ ತೆಗಿ" ಅಂದ.

ಎಲ್ಲರೂ ಹೌದು ಹೌದು ಎಂದರು. ನನ್ನ ಮಗಳು ಹೆಮ್ಮೆಯಿಂದ ನನ್ನನ್ನು ನೋಡಿದಳು. ಬೇರೆ ಚೀಟಿ ತೆಗೆದೆ. ಅದರಲ್ಲಿ ಏನು ಬಂತೆಂದು ನೆನಪಿಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಮೂರು ವಾರ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ, ಆದದ್ದಾಗಲಿ, ಅವನು ನನ್ನ ಮುಖ ನೋಡದೆ ಹೋದರೂ ಸರಿ, ಹೇಳಿಬಿಡಬೇಕೆಂದು ಗಟ್ಟಿ ಮಾಡಿದೆ.

ಹಬ್ಬಕ್ಕೆಂದು ಅವನಿಗೊಂದು ಪ್ಯಾಂಟು ಹೊಲಿದಿದ್ದೆ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹಾಕಿಸಿ, ಉದ್ದ ಗುರುತು ಮಾಡಲು ಸೀಮೆಸುಣ್ಣ ಹಿಡಿದು ಅವನ ಮುಂದೆ ಮಂಡಿಯೂರಿ ಕೂತೆ. ಅಲ್ಲಿಂದ ಅವನ ಮುಖ ಕಾಣುವುದಿಲ್ಲ. ಅದೇ ಒಳ್ಳೆಯದೆಂದು ಶುರುಮಾಡಿದೆ.

"ಅಣ್ಣ."

"ಹ್ಞೂಂ."

"ಭದ್ರಾವತೀಲಿ, ನೀನು ಮಾತು ಬಿಟ್ಟಿದ್ದ ವರ್ಷ, ಪಾದ ತೊಳೆಯೋ ಪಟ್ಟೀಲಿ ನಿನ್ನ ಹೆಸರಿತ್ತು. ಉಪದೇಶಿಗಳು ಮನೆಗೆ ಬಂದು ಹೇಳಿ ಹೋಗಿದ್ರು. ನಾನು ನಿಂಗೆ ಹೇಳಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳಲಿಲ್ಲ. ನಿಂಗೆ ಜ್ವರ ಅಂತ ಸುಳ್ಳು ಹೇಳಿ ನಿನ್ನ ಕುರ್ಚೀಲಿ ನಾನು ಕೂತೆ."

ನನ್ನ ಕೈಯ ಸೀಮೆಸುಣ್ಣ ಪುಡಿಯಾಗಿತ್ತು.

"ಎಡಗಾಲು ಅರ್ಧ ಇಂಚು ಉದ್ದ ಆಗಿದೆ ನೋಡು" ಅಂದ ಅಣ್ಣ.

"ಅಣ್ಣ!"

"ಗೊತ್ತು ಕಣೋ. ಅವತ್ತು ಗೇಟ್ ಪಾಸ್ ತಗೊಂಡು ಒಂದು ಗಂಟೆ ಹೊರಗೆ ಬಂದಿದ್ದೆ. ಪ್ರತಿ ವರ್ಷ ಬರ್ತಿದ್ದೆ, ಬೇರೆಯವರಿಗೆ ತೊಳೆಯೋದನ್ನಾದ್ರೂ ನೋಡೋಣ ಅಂತ. ಎಣ್ಣೆ ಬಟ್ಟೇಲಿದ್ದೆ, ಬಾಗಿಲ ಹತ್ರಾನೇ ನಿಂತಿದ್ದೆ. ಸಾಲಿನ ಕೊನೇಲಿ ನೀನು, ಎರಡು ಕಾಲಿನ ಚಪ್ಪಲೀನೂ ಬಿಟ್ಕೊಂಡು ಕೂತಿದ್ದೆ."

"ನನ್ನನ್ನ ಯಾರೋ ಕೂರಿಸಿದ್ರು ಅಂತ ಅಂದ್ಕೊಂಡಿರ್ತೀಯ..."

"ಮಾರನೇ ದಿನ ಉಪದೇಶಿಗಳು ಚರ್ಚ್ ಬಾಗಿಲಲ್ಲಿ ಹಿಡ್ಕೊಂಡು, ಜ್ವರ ಹೆಂಗಿದೆ ಅಂತ ಕೇಳಿದ್ರು."

"ನೀನು ಏನಂದೆ?"

"ಇಳೀತು ಅಂದೆ. ಶುಭ ಶುಕ್ರವಾರದ ದಿನ! ದೇವರ ಮನೆ ಬಾಗಿಲಲ್ಲಿ ನಿಂತ್ಕೊಂಡು! ನಿನ್ನ ದೆಸೆಯಿಂದ ಸುಳ್ಳು ಹೇಳಿದೆ ನಾನು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆ ಎತ್ತಲು ಧೈರ್ಯವಿಲ್ಲದೆ ಅವನ ಪ್ಯಾಂಟಿನ ಅಂಚನ್ನೇ ಹಿಡಿದುಕೊಂಡಿದ್ದೆ. ಅಣ್ಣ ಬೇರೆ ದನಿಯಲ್ಲಿ ಮಾತಾಡಿದ.

"ಮೊದಲು ಒಂದು ತಿಂಗಳು ನಿನ್ನ ಮುಖ ಕಂಡ್ರೆ ಸ್ಪ್ಯಾನರ್ ತಗೊಂಡು ಬಾರಿಸ್ಬೇಕು ಅನ್ನಿಸ್ತಿತ್ತು. ಅದು ಹೋಯ್ತು. ಅದು ಹೋದ್ಮೇಲೆ ಬಂತು ನೋಡು ಇನ್ನೊಂದು. ತಮ್ಮ ಇಂಥ ಕೆಲಸ ಮಾಡಿದಾನೆ, ನಾನು ತುಟಿಪಿಟಕ್ಕನ್ನದೆ ಕ್ಷಮಿಸಿದೀನಿ, ನನ್ನಂಥೋನು ಎಲ್ಲಿದಾನೆ ಅಂತ. ಇಷ್ಟು ವರ್ಷ ಒಳಗೊಳಗೇ ಬೀಗಿದೀನಿ ಕಣೋ. ನೀನು ಹೇಳ್ಕೊಂಡ್ರೆ ಆ ಸುಖ ಹೋಗಿಬಿಡುತ್ತಲ್ಲ, ಅದಕ್ಕೆ ನೀನು ಬಾಯಿ ತೆಗೆದಾಗೆಲ್ಲ ನಾನೇ ಮುಚ್ಚಿಸ್ತಿದ್ದೆ. ಅವತ್ತು ಚೀಟಿ ಕಿತ್ಕೊಂಡಿದ್ದು ಯಾಕೆ ಅಂದ್ಕೊಂಡೆ?"

"ನೀನು ಮಾಡಿದ್ದು ತಪ್ಪೇ ಅಲ್ಲ ಅಣ್ಣ. ತಪ್ಪು ನಂದು."

"ನಿಂದು ಒಂದಿನದ್ದು. ನಂದು ವರ್ಷಾನುಗಟ್ಟಲೆ ಓಡಿದೆ. ನಂದೇ ದೊಡ್ಡದು."

"ಇದರಲ್ಲೂ ನೀನೇ ದೊಡ್ಡೋನಾಗ್ಬೇಕಾ?" ಎಂದು ನನಗೆ ನಿಜವಾಗಿಯೂ ಸಿಟ್ಟು ಬಂತು. ಅಣ್ಣ ಫಕ್ಕನೆ ನಕ್ಕುಬಿಟ್ಟ. ನಾನೂ ನಕ್ಕೆ. ನಗುತ್ತ ನಗುತ್ತಲೇ ನನ್ನ ಕಣ್ಣಲ್ಲಿ ನೀರು ಬಂತು. ಅಣ್ಣ ಬಗ್ಗಿ, ಚಿಕ್ಕಂದಿನಲ್ಲಿ ಜ್ವರ ನೋಡುತ್ತಿದ್ದ ಹಾಗೆ ಕೈಯನ್ನು ನನ್ನ ನೆತ್ತಿಯ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಬಿಟ್ಟ. ಕ್ಷಮಿಸಿದೆ ಎನ್ನಲಿಲ್ಲ. ಕ್ಷಮಿಸು ಎನ್ನಲೂ ಇಲ್ಲ.

ಆಮೇಲೆ ಸ್ಟೂಲಿನ ಮೇಲೆ ಕೂತ. ರಸ್ತೆಯ ಕಡೆ ಒಂದು ಸಲ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮುಖವನ್ನು ನನ್ನ ಹತ್ತಿರ ತಂದ. ಅರವತ್ತಕ್ಕೆ ಹತ್ತಿರವಾದ ಆ ಮುಖದಲ್ಲಿ ಅಷ್ಟು ನಾಚಿಕೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಅಲ್ವೋ," ಅಂದ ಮೆಲ್ಲಗೆ, "ಆ ನೀರು ಬಿಸಿ ಇತ್ತಾ, ತಣ್ಣಗಿತ್ತಾ?"

"ಬೆಚ್ಚಗಿತ್ತು ಅಣ್ಣ" ಅಂದೆ. ಹೇಳಿದೆ, ಎಲ್ಲ ಹೇಳಿದೆ. ಹಿತ್ತಾಳೆಯ ಚೊಂಬು, ಅದರ ಬಾಯಿಂದ ಸಣ್ಣಗೆ ಇಳಿದ ನೀರು. ಫಾದರ್ ಹಿಮ್ಮಡಿಯ ಕೆಳಗೆ ಅಂಗೈ ಕೊಟ್ಟು, ಹಕ್ಕಿಮರಿ ಎತ್ತಿದ ಹಾಗೆ ಕಾಲನ್ನು ಎತ್ತಿಕೊಂಡದ್ದು. ಒರೆಸುವಾಗ ಬೆರಳುಗಳ ಸಂದಿಯನ್ನೂ ಬಿಡದೆ, ಅಮ್ಮ ಒರೆಸುತ್ತಿದ್ದ ಹಾಗೆ ಒಂದೊಂದಾಗಿ ಒರೆಸಿದ್ದು.

ಅಣ್ಣ ಕಣ್ಣು ಮುಚ್ಚಿಕೊಂಡಿದ್ದ.

"ಆಮೇಲೆ?" ಅಂದ.